ಸೀಮೆಎಣ್ಣೆ ಕೈ

ಒಂದು ವರ್ಷ ಪೂರ್ತಿ, ದೇವರ ಮುಂದೆ ದೀಪ ಹಚ್ಚಿದಾಗಲೆಲ್ಲ ನಾನು ಒಂದೇ ಬೇಡಿಕೆ ಇಟ್ಟೆ. ಕನ್ಸಲ್ಟೆಂಟಮ್ಮನ ಕೈ ಒಂದು ಸಲ ಸೀಮೆಎಣ್ಣೆ ನಾರಲಿ, ಅದೂ ನಾಲ್ಕು ಜನರ ಎದುರಿಗೆ. ಇನ್ನೊಬ್ಬರ ಕೆಡುಕನ್ನು ದೇವರ ಹತ್ತಿರ ಕೇಳಬಾರದು ಅಂತ ನನಗೂ ಗೊತ್ತಿದೆ. ಅದಕ್ಕೇ ಕೇಳುವಾಗ ಒಡ್ಡು ಕಟ್ಟಿಕೊಂಡು ಕೇಳುತ್ತಿದ್ದೆ: ಯಾರಿಗೂ ನೆಗಡಿ ಬರುವುದು ಬೇಡ, ಬೆಂಕಿ ಗಿಂಕಿ ಬೇಡ, ಕೈ ಮಾತ್ರ ನಾರಲಿ, ಅಷ್ಟು ಸಾಕು.

ಕನ್ಸಲ್ಟೆಂಟಮ್ಮ ಅನ್ನುವುದು ನಾನು ಮನಸ್ಸಿನಲ್ಲೇ ಇಟ್ಟ ಹೆಸರು. ಎದುರಿಗೆ ಅಕ್ಕ ಅಂತಲೇ ಕರೆಯುತ್ತೇನೆ. ಡಬ್ಲಿನ್ನಿನಿಂದ ಮೂರು ಗಂಟೆ ದಾರಿಯ ಲೆಟರ್‌ಕೆನ್ನಿಯ ಆಸ್ಪತ್ರೆಯಲ್ಲಿ ಅವರ ಯಜಮಾನರು ಕನ್ಸಲ್ಟೆಂಟ್, ಅಂದರೆ ದೊಡ್ಡ ಡಾಕ್ಟರು; ನನ್ನ ಗಂಡ ಅವರ ಕೈಕೆಳಗಿನ ಕಿರಿಯ ಡಾಕ್ಟರು, ಇಲ್ಲಿಯ ಮಾತಿನಲ್ಲಿ ರಿಜಿಸ್ಟ್ರಾರ್. ಕನ್ನಡದವರು ನಾವು ಈ ಊರಿನಲ್ಲಿ ಏಳೆಂಟು ಮನೆ. ಹಬ್ಬ ಅಂದರೆ ಅವರ ಮನೆಯಲ್ಲೇ. ಅಷ್ಟು ಜನ ಕೂರುವ ಹಾಲ್ ಇರುವುದು ಅಲ್ಲಿ ಮಾತ್ರ. ಅವರು ಬಂದು ಇಪ್ಪತ್ತೈದು ವರ್ಷ, ನಾವು ಬಂದು ಐದು. ಯಾರು ಆರತಿ ಎತ್ತಬೇಕು, ಯಾರು ತಾಂಬೂಲ ಹಂಚಬೇಕು, ಯಾರ ಪುಳಿಯೋಗರೆಗೆ ಉಪ್ಪು ಕಮ್ಮಿ ಅಂತ ತೀರ್ಮಾನ ಮಾಡುವುದು ಅವರೇ.

ನಮ್ಮದು ಗುಡ್ಡದ ಮೇಲಿನ ಬಾಡಿಗೆ ಮನೆ. ಅಡುಗೆಮನೆಯ ಹಿಂಗೋಡೆಗೆ ಒತ್ತಿಕೊಂಡು ಒಂದು ತಗಡಿನ ಬೀರು, ಅದರೊಳಗೆ ಬಾಯ್ಲರ್. ಹಿತ್ತಲ ಮೂಲೆಯಲ್ಲಿ ಹಸಿರು ಪ್ಲಾಸ್ಟಿಕ್ ಟ್ಯಾಂಕ್. ಈ ಕಡೆಯ ಮನೆಗಳನ್ನು ಬಿಸಿ ಮಾಡುವ ಎಣ್ಣೆ ಅಂದರೆ ನಮ್ಮ ಸೀಮೆಎಣ್ಣೆಯೇ. ಮೊದಲ ವಾರ ಲಾರಿಯವನು ಪೈಪು ಹಾಕಿ ತುಂಬಿಸುವಾಗ ನಾನು ಹಿತ್ತಲಲ್ಲಿ ನಿಂತು ಮೂಗಿನ ತುಂಬ ಎಳೆದುಕೊಂಡೆ. ನ್ಯಾಯಬೆಲೆ ಅಂಗಡಿಯ ಸಾಲು, ಅಮ್ಮನ ಕೈಯಲ್ಲಿದ್ದ ಐದು ಲೀಟರಿನ ಡಬ್ಬ, ಪಂಪ್ ಸ್ಟೌವಿನ ಪಿನ್ನು, ಎಲ್ಲ ಒಟ್ಟಿಗೇ ನೆನಪಿಗೆ ಬಂದವು. ಇಷ್ಟು ದೂರ ಬಂದರೂ ಇದು ಬೆನ್ನು ಬಿಡಲಿಲ್ಲವಲ್ಲ ಅಂತ ನಗು ಬಂತು.

ಬಾಯ್ಲರಿನ ಕೆಲಸ ನಾನು ಕಲಿತದ್ದು ಒಂದು ತಪ್ಪಿನಿಂದ. ಸರ್ವಿಸಿಗೆ ಬರುವ ಮುದುಕ, ಎಪ್ಪತ್ತರ ಆಸುಪಾಸಿನ ಕೆಂಪು ಮೂಗಿನ ಮನುಷ್ಯ, ಮೊದಲ ವರ್ಷ ಬರ್ನರಿನಿಂದ ಹೆಬ್ಬೆರಳು ಗಾತ್ರದ ಒಂದು ತುಂಡು ಹೊರಗೆಳೆದು ತೋರಿಸಿದ. ತುದಿಯಲ್ಲಿ ಗಾಜು. ಇದು ಬಾಯ್ಲರಿನ ಕಣ್ಣು, ಬೆಂಕಿ ಹತ್ತಿದೆಯೋ ಇಲ್ಲವೋ ಅಂತ ನೋಡುವುದು ಇದೇ, ಮಸಿ ಕೂತರೆ ಬಟ್ಟೆಯಲ್ಲಿ ಒರೆಸಿ ಇಡಿ ಅಂದ. ಎರಡು ವಾರಕ್ಕೆ ಆಯುಧಪೂಜೆ ಬಂತು. ಕಾರು, ಮಿಕ್ಸಿ, ಈಳಿಗೆಮಣೆ, ಗಂಡನ ಸ್ಟೆತಾಸ್ಕೋಪು ಎಲ್ಲಕ್ಕೂ ಇಟ್ಟ ಹಾಗೆ ಬಾಯ್ಲರಿಗೂ ಕುಂಕುಮ ಇಡಲು ಹೋದೆ. ತಗಡಿನ ಮೇಲೆ ಇಟ್ಟರೆ ಮಳೆಗೆ ತೊಳೆದುಹೋಗುತ್ತದೆ. ಮನೆ ಕಾಯುವ ಕಣ್ಣು ಒಳಗಿದೆಯಲ್ಲ ಅಂತ ಅದನ್ನೇ ಎಳೆದು, ಶುದ್ಧವಾಗಿ ಒರೆಸಿ, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ನಟ್ಟನಡುವೆ ಇಟ್ಟು, ಕೈಮುಗಿದು ವಾಪಸ್ ಸೇರಿಸಿದೆ. ಸಂಜೆಗೆ ಮನೆ ತಣ್ಣಗಾಯಿತು. ಬಾಯ್ಲರ್ ಕೆಂಪು ದೀಪ ಹತ್ತಿಸಿಕೊಂಡು ಮುಷ್ಕರ ಹೂಡಿತ್ತು.

ಮಾರನೆಯ ದಿನ ಮುದುಕ ಬಂದ. ಕಣ್ಣು ಎಳೆದು ಬೆಳಕಿಗೆ ಹಿಡಿದು ನೋಡಿದ. ಆಮೇಲೆ, ಈ ಬಡಪಾಯಿಯನ್ನು ಕುರುಡು ಮಾಡಿದ್ದು ಯಾರು ಮಿಸೆಸ್, ಅಂತ ಕೇಳಿದ. ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನು ನಗಲಿಲ್ಲ. ತನ್ನ ಅಮ್ಮನೂ ಮನೆಗೆ ಬಂದ ಮೊದಲ ಟ್ರ್ಯಾಕ್ಟರಿಗೆ ಚರ್ಚಿನ ತೀರ್ಥ ಚಿಮುಕಿಸಿದ್ದಳು, ಆದರೆ ಡೀಸೆಲ್ ಟ್ಯಾಂಕಿನ ಒಳಕ್ಕಲ್ಲ, ಅಂದ. ಅವತ್ತಿನಿಂದ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಕೆಲಸ ಮಾಡಿದ. ಟ್ಯಾಂಕಿಗೆ ಬಿದಿರು ಕೋಲು ಇಳಿಸಿ ಒದ್ದೆ ಎಲ್ಲಿವರೆಗೆ ಬಂತು ನೋಡುವುದು, ಫಿಲ್ಟರಿನ ಬಟ್ಟಲು ಬಿಚ್ಚಿ ತಳದ ನೀರು ಚೆಲ್ಲುವುದು, ಎಣ್ಣೆ ಮುಗಿದು ಪೈಪಿಗೆ ಗಾಳಿ ಹೊಕ್ಕರೆ ಪಂಪಿನ ಸ್ಕ್ರೂ ಸಡಿಲಿಸಿ ಆ ಗಾಳಿ ಬಿಡಿಸುವುದು. ಗಂಡ ಡ್ಯೂಟಿ ಅಂತ ಹೋದರೆ ಮಾರನೆಯ ದಿನವೇ ಮುಖ ಕಾಣುವುದು. ಮನೆ ಬೆಚ್ಚಗಿಡುವುದು ನನ್ನ ಪಾಲಿಗೆ ಬಂತು. ಸ್ಪ್ಯಾನರು ಅಡುಗೆಮನೆಯ ಡ್ರಾಯರಿನಲ್ಲಿ ಸೌಟುಗಳ ಪಕ್ಕ ಮಲಗಿತು.

ದೇವರ ಮುಂದೆ ಕೂತಾಗ ಅವತ್ತವತ್ತಿನ ಸಣ್ಣ ಸಣ್ಣ ಕೃಪೆ ಎಣಿಸುವುದು ನನ್ನ ಅಭ್ಯಾಸ. ಬಾಯ್ಲರ್ ಒಂದೇ ಸಲಕ್ಕೆ ಹತ್ತಿತು. ಸ್ನಾನಕ್ಕೆ ಬಿಸಿನೀರು ಬಂತು. ಬಿರುಗಾಳಿಗೆ ಪಕ್ಕದ ಮನೆಯ ಬೇಲಿ ಬಿತ್ತು, ನಮ್ಮ ಟ್ಯಾಂಕಿನ ಮುಚ್ಚಳ ಹಾರಲಿಲ್ಲ. ಹೀಗೆ.

ಎರಡು ವರ್ಷದ ಹಿಂದಿನ ಸಂಕ್ರಾಂತಿಯ ಬೆಳಿಗ್ಗೆ ಬಾಯ್ಲರ್ ಕೆಮ್ಮಿ ನಿಂತಿತು. ಬಟ್ಟಲು ಬಿಚ್ಚಿ, ನೀರು ಚೆಲ್ಲಿ, ಗಾಳಿ ಬಿಡಿಸಿ ಹತ್ತಿಸಿದೆ. ಆಮೇಲೆ ಕೈಗೆ ಸೋಪು ಹಾಕಿದೆ, ಕಡಲೆಹಿಟ್ಟು ಹಾಕಿದೆ, ನಿಂಬೆಸಿಪ್ಪೆ ಉಜ್ಜಿದೆ, ಕೊನೆಗೆ ದೇವರಿಗೆ ತೇಯ್ದ ಗಂಧವನ್ನೂ ಹಚ್ಚಿಕೊಂಡೆ. ಸೀಮೆಎಣ್ಣೆ ಯಾವುದಕ್ಕೂ ಬಗ್ಗುವುದಿಲ್ಲ. ಉಗುರಿನ ಸಂದಿಯಲ್ಲಿ ಕೂತು ಕಾಯುತ್ತದೆ. ಹಾಗೇ ಸೀರೆ ಉಟ್ಟು, ಎಳ್ಳಿನ ಪೊಟ್ಟಣಗಳನ್ನು ಚೀಲಕ್ಕೆ ತುಂಬಿಕೊಂಡು ಅವರ ಮನೆಗೆ ಹೋದೆ. ಎರಡು ವಾರ ಕೂತು ಕೊಬ್ಬರಿ ಬೆಲ್ಲವನ್ನು ಅಕ್ಕಿಕಾಳಿನಷ್ಟು ಸಣ್ಣಗೆ ಹೆಚ್ಚಿದ ಎಳ್ಳು. ಪ್ರತಿ ಪೊಟ್ಟಣಕ್ಕೂ ಕೆಂಪು ದಾರ ಕಟ್ಟಿದ್ದೆ.

ಹೆಂಗಸರೆಲ್ಲ ಕೂತಿದ್ದರು. ಮೊದಲ ಪೊಟ್ಟಣವನ್ನು ಕನ್ಸಲ್ಟೆಂಟಮ್ಮನ ಮುಂದೆ ಹಿಡಿದೆ. ಅವರು ಕೈ ಚಾಚಿದವರು ಹಿಂದಕ್ಕೆಳೆದುಕೊಂಡರು.

"ಇದೇನಮ್ಮ ನಿನ್ನ ಕೈ, ಸೀಮೆಎಣ್ಣೆ ಡಿಪೋ ಇಟ್ಟಿದೀಯಾ? ಅಲ್ಲೇ ಇಡು. ಆ ವಾಸನೆ ದೇವರ ಹತ್ರ ಬರಬಾರದು."

ಅಲ್ಲೇ ಅಂದಾಗ ಅವರ ಬೆರಳು ಹೊರಬಾಗಿಲ ಕಡೆ ತೋರಿಸುತ್ತಿತ್ತು. ಅಲ್ಲಿದ್ದದ್ದು ಚಪ್ಪಲಿ ಸ್ಟ್ಯಾಂಡು. ನಾನು ಪೆದ್ದಿಯ ಹಾಗೆ ಹೋಗಿ ಅದರ ಮೇಲೆ ಇಟ್ಟೆ. ಬೆನ್ನ ಹಿಂದೆ ಅವರು ಉಳಿದವರಿಗೆ ಹೇಳುತ್ತಿದ್ದರು, "ಇವಳು ನಮ್ಮ ಬಾಯ್ಲರ್ ಡಾಕ್ಟ್ರು. ಗಂಡಂಗೆ ವಾರ್ಡಲ್ಲಿ ಡ್ಯೂಟಿ, ಇವಳಿಗೆ ಹಿತ್ತಲಲ್ಲಿ ಡ್ಯೂಟಿ." ಎಲ್ಲರೂ ನಕ್ಕರು. ನಗದೆ ಇದ್ದರೆ ಚೆನ್ನಾಗಿರುವುದಿಲ್ಲ ಅಂತ ನಾನೂ ನಕ್ಕೆ. ಆ ನಗುವನ್ನು ನನಗೆ ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ. ಆರತಿಗೆ ಐದು ಜನರನ್ನು ಕರೆದರು, ನನ್ನನ್ನು ಬಿಟ್ಟರು. ಹೊರಡುವಾಗ ನೋಡಿದರೆ ಪೊಟ್ಟಣ ಸ್ಟ್ಯಾಂಡಿನಿಂದ ಜಾರಿ ಯಾರದೋ ಮಣ್ಣಿನ ಬೂಟುಗಳ ನಡುವೆ ಬಿದ್ದಿತ್ತು. ಎತ್ತಿಕೊಂಡು ಬಂದೆ.

ಬಿಸಿನೀರಿನ ಹಂಡೆ ಇರುವ ಕಪಾಟಿಗೆ ಇಲ್ಲಿಯವರು ಹಾಟ್ ಪ್ರೆಸ್ ಅನ್ನುತ್ತಾರೆ. ಮನೆಯಲ್ಲಿ ಅತಿ ಬೆಚ್ಚಗಿನ ಜಾಗ, ನಾನು ದೋಸೆಹಿಟ್ಟು ಹುಳಿ ಬರಲು ಇಡುವುದು ಅಲ್ಲೇ. ಆ ಪೊಟ್ಟಣವನ್ನೂ ಅಲ್ಲಿಟ್ಟೆ. ಬಿಸಾಡಲು ಮನಸ್ಸಾಗಲಿಲ್ಲ. ಬಿಸಾಡಬಾರದು ಅಂತಲೇ ಇಟ್ಟೆ. ಗಂಡನಿಗೆ ಹೇಳಿದರೆ, "ಬಿಟ್ಹಾಕು, ಮುಂದಿನ ಕೆಲಸಕ್ಕೆ ನಂಗೆ ಅವರ ಯಜಮಾನ್ರ ರೆಫರೆನ್ಸ್ ಬೇಕು" ಅಂದ. ಬಿಟ್ಟುಹಾಕಿದವಳ ಹಾಗೆ ಇದ್ದೆ. ಯುಗಾದಿಗೆ ಹೋದೆ, ಗೌರಿಗೆ ಹೋದೆ. ಹೋದಲ್ಲೆಲ್ಲ ಬಾಯ್ಲರ್ ಡಾಕ್ಟ್ರು ಬಂದ್ರು ಅನ್ನುವ ಮಾತು ನನಗಿಂತ ಮೊದಲೇ ಒಳಗೆ ಹೋಗಿ ಕೂತಿರುತ್ತಿತ್ತು. ಮನೆಗೆ ಬಂದು ದೀಪ ಹಚ್ಚಿ ನನ್ನ ಬೇಡಿಕೆ ಒಪ್ಪಿಸುತ್ತಿದ್ದೆ. ಹಿಟ್ಟಿನ ಪಕ್ಕದಲ್ಲಿ ಎಳ್ಳು ಕಮಟುತ್ತಾ ಕೂತಿತ್ತು.

ದೇವರು ಕೇಳಿಸಿಕೊಂಡ. ಹೋದ ಸಂಕ್ರಾಂತಿಯ ಬೆಳಿಗ್ಗೆ ಹನ್ನೊಂದು ಗಂಟೆಗೆ ಫೋನ್ ಬಂತು. ಮೂರು ದಿನದಿಂದ ಹಿಮ ಹೆಪ್ಪುಗಟ್ಟಿತ್ತು, ರಸ್ತೆಗೆಲ್ಲ ಉಪ್ಪು ಹಾಕಿದ್ದರು. ಕನ್ಸಲ್ಟೆಂಟಮ್ಮನ ದನಿ ಸಣ್ಣಗಾಗಿತ್ತು. ಟ್ಯಾಂಕು ಪೂರ್ತಿ ಬರಿದಾಗುವ ತನಕ ಅವರ ಮನೆಯಲ್ಲಿ ಯಾರೂ ನೋಡಿಲ್ಲ. ವಾಸನೆ ಆಗುವುದಿಲ್ಲ ಅಂತ ಅವರು ಆ ಮೂಲೆಗೇ ಹೋಗುವವರಲ್ಲ. ಹಿಂದಿನ ದಿನ ಲಾರಿಯವನು ಬಂದು ತುಂಬಿಸಿ ಹೋಗಿದ್ದಾನೆ. ಎಣ್ಣೆ ಬಂದರೂ ಬಾಯ್ಲರ್ ಹತ್ತುತ್ತಿಲ್ಲ. ಕೆಂಪು ಗುಂಡಿಯನ್ನು ಬಾಗಿಲ ಕರೆಗಂಟೆ ಒತ್ತಿದ ಹಾಗೆ ಒತ್ತಿ ಒತ್ತಿ ಇಟ್ಟಿದ್ದಾರೆ. ನಮ್ಮ ಮುದುಕ ಬಿಸಿಲು ಕಾಯಲು ಸ್ಪೇನಿನ ಕಡೆ ಹೋಗಿದ್ದ, ಬೇರೆಯವರು ಗುರುವಾರದ ತನಕ ಆಗುವುದಿಲ್ಲ ಅಂದಿದ್ದರು. ಯಜಮಾನರಿಗೆ ಡಬ್ಲಿನ್ನಿನಲ್ಲಿ ಮೀಟಿಂಗು. ಮೂರು ಗಂಟೆಗೆ ಎಲ್ಲರೂ ಎಳ್ಳು ಬೀರಲು ಬರುತ್ತಾರೆ.

ಇಷ್ಟು ಕೇಳುವಾಗ ನನ್ನ ಹೊಟ್ಟೆಯಲ್ಲಿ ಹಾಲು ಉಕ್ಕಿದ ಹಾಗಾಗುತ್ತಿತ್ತು. ಆಗ ಅವರು ಕೊನೆಯ ಮಾತು ಹೇಳಿದರು.

"ಮಗಳು ಬಂದಿದಾಳೆ ಕಣಮ್ಮ. ಬಾಣಂತಿ. ಮಗೂಗೆ ಇಪ್ಪತ್ತೆರಡು ದಿನ."

ಬಾಣಂತಿ ಅಂದ ಮೇಲೆ ನಮ್ಮ ಕಡೆ ಲೋಕವೇ ನಿಲ್ಲುತ್ತದೆ. ನೆಲಕ್ಕೆ ಬರಿಗಾಲು ಇಡಬಾರದು, ಕಿವಿಗೆ ಗಾಳಿ ಸೋಕಬಾರದು, ದಿನಾ ಕುದಿಯುವ ನೀರಿನ ಎರೆತ. ನಾನು ಒಡ್ಡು ಕಟ್ಟಿ ಕೇಳಿದ್ದೆ, ದೇವರು ಆ ಒಡ್ಡಿನೊಳಗೇ ಒಂದು ಕೂಸನ್ನು ತಂದು ಮಲಗಿಸಿದ್ದ. ಐದು ನಿಮಿಷ ಕುರ್ಚಿಯಲ್ಲಿ ಕೂತೆ. ಆಮೇಲೆ ಮಗುವಿನ ಲೆಕ್ಕ ಬೇರೆ, ಅಜ್ಜಿಯ ಲೆಕ್ಕ ಬೇರೆ ಅಂತ ಇತ್ಯರ್ಥ ಮಾಡಿಕೊಂಡು ಎದ್ದೆ. ಮನೆಯಲ್ಲಿದ್ದ ಕರೆಂಟಿನ ಹೀಟರು, ಎರಡು ಬಿಸಿನೀರಿನ ಚೀಲ, ದೊಡ್ಡ ಫ್ಲಾಸ್ಕಿನಲ್ಲಿ ನೀರು ಕಾರಿಗೆ ಹಾಕಿಕೊಂಡು ಹೋಗಿ ಬಾಗಿಲಲ್ಲೇ ಕೊಟ್ಟೆ. ಅವರು ನನ್ನನ್ನು ಒಳಗೆ ಎಳೆಯಲು ನೋಡಿದರು. ಪೂಜೆ ಮುಗಿದಿಲ್ಲ ಅಕ್ಕ, ಮುಗಿಸಿ ಬರ್ತೀನಿ, ಅಂತ ವಾಪಸ್ ಬಂದೆ.

ಪೂಜೆ ಮುಗಿದಿರಲಿಲ್ಲ, ನಿಜ. ಆದರೆ ಅಷ್ಟು ನಿಧಾನವಾಗಿ ನಾನು ಯಾವತ್ತೂ ಪೂಜೆ ಮಾಡಿದವಳಲ್ಲ. ಒಂದೊಂದೇ ಹೂವು. ಸ್ನಾನ ಮಾಡಿದ ಕೈ, ಗಂಧ ಹಚ್ಚಿದ ಕೈ. ಹೊರಡುವಾಗ ಎರಡು ಗಂಟೆ ಆಗುವುದನ್ನು ಗಡಿಯಾರ ನೋಡಿಕೊಂಡೇ ಹೊರಟೆ. ಸ್ಪ್ಯಾನರು ತೆಗೆದುಕೊಂಡೆ. ಕೋಟಿನ ಜೇಬಿನಲ್ಲಿ ನನ್ನ ರಬ್ಬರ್ ಗ್ಲೌಸು ಇತ್ತು. ಮೊದಲ ಅವಮಾನದ ಮಾರನೆಯ ದಿನವೇ ಕೊಂಡದ್ದು. ಹಾಟ್ ಪ್ರೆಸ್ಸಿನಿಂದ ಹಳೆ ಪೊಟ್ಟಣವನ್ನೂ ತೆಗೆದು, ಹೊಸ ಪೊಟ್ಟಣಗಳ ಜೊತೆ ಚೀಲಕ್ಕೆ ಹಾಕಿಕೊಂಡೆ.

ಅವರ ಮನೆಯಲ್ಲಿ ಉಸಿರು ಹೊಗೆಯಾಗಿ ಕಾಣುತ್ತಿತ್ತು. ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಡಬ್ಲಿನ್ನಿನ ಬ್ಯೂಮಾಂಟ್ ಆಸ್ಪತ್ರೆಯಲ್ಲಿ ನರ್ಸು. ಮೂರು ದುಪ್ಪಟಿಯೊಳಗೆ ಮಗುವನ್ನು ಕಟ್ಟಿಕೊಂಡು ನನ್ನ ಹೀಟರಿನ ಮುಂದೆ ಕೂತಿದ್ದಳು. "ಆಂಟಿ, ಥ್ಯಾಂಕ್ ಗಾಡ್, ಇಟ್ಸ್ ಬಾಲ್ಟಿಕ್" ಅಂದಳು. ಕೊರೆಯುವ ಚಳಿಗೆ ಇಲ್ಲಿಯವರು ಹಾಗನ್ನುತ್ತಾರೆ. ಕನ್ಸಲ್ಟೆಂಟಮ್ಮ ಆಗಲೇ ಮೈಸೂರು ರೇಷ್ಮೆ ಉಟ್ಟು, ಮೇಲೆ ಯಜಮಾನರ ಕೋಟು ಹಾಕಿಕೊಂಡಿದ್ದರು. ಇಬ್ಬರೂ ಹಿತ್ತಲಿಗೆ ಹೋದೆವು. ಬೀರುವಿನ ಬಾಗಿಲು ತೆಗೆದು, ಪಂಪು ತೋರಿಸಿ, ಸ್ಪ್ಯಾನರನ್ನು ಅವರ ಮುಂದೆ ಚಾಚಿದೆ.

"ನೀನೇ ಮಾಡಿಬಿಡಮ್ಮ, ನಿಂಗೆ ಅಭ್ಯಾಸ ಐತಲ್ಲ."

"ಪೂಜೆ ಮುಗಿಸಿ ಬಂದಿದೀನಿ ಅಕ್ಕ. ಇದರ ವಾಸನೆ ದೇವರ ಹತ್ರ ಬರಬಾರದಲ್ವಾ. ನೀವೇ ಹೇಳಿಕೊಟ್ಟಿದ್ದು."

ಅವರು ನನ್ನ ಮುಖ ನೋಡಿದರು. ಆ ಒಂದು ಕ್ಷಣ ಸಾಕಿತ್ತು ನನಗೆ, ಅವರಿಗೆ ಎಲ್ಲ ನೆನಪಿದೆ ಅಂತ ತಿಳಿಯಲು. ಸ್ಪ್ಯಾನರು ತೆಗೆದುಕೊಂಡರು. ಗ್ಲೌಸ್ ಏನಾದರೂ ಬೇಕಾ ಅಂತ ಕೇಳಿದರು.

"ಗ್ಲೌಸ್ ಹಾಕಿದ್ರೆ ಸ್ಕ್ರೂ ಹಿಡಿತಕ್ಕೆ ಸಿಗಲ್ಲ ಅಕ್ಕ. ಬರಿಗೈಲೇ ಮಾಡಬೇಕು."

ಅದು ಸುಳ್ಳು. ನನ್ನ ಜೇಬಿನಲ್ಲಿ ನನ್ನ ಕೈ ಆ ಗ್ಲೌಸಿನ ಮೇಲೇ ಇತ್ತು.

ನಾನು ಮಾಡಿದ್ದರೆ ಹತ್ತು ನಿಮಿಷದ ಕೆಲಸ. ಅವರಿಗೆ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಿತು. ಹೇಳುವುದನ್ನು ಮಾತ್ರ ನಾನು ಸರಿಯಾಗಿಯೇ ಹೇಳಿದೆ, ಅದರಲ್ಲಿ ಮೋಸ ಮಾಡಲಿಲ್ಲ. ಸ್ಕ್ರೂ ಸಡಿಲಿಸಿ, ಕೆಳಗೆ ಡಬ್ಬ ಹಿಡೀರಿ, ಗುಂಡಿ ಒಂದೇ ಸಲ ಒತ್ತಿ. ಪಂಪು ಗೊರಗುಟ್ಟಿತು, ನೊರೆ ಬಂತು, ನಿಂತಿತು. ಎರಡು ನಿಮಿಷ ಕಾಯಿರಿ, ಇನ್ನೊಮ್ಮೆ. ನೊರೆ ಬೆರಳ ಮೇಲಿಂದ ಬಳೆಗೆ, ಬಳೆಯಿಂದ ಕೋಟಿನ ತೋಳಿಗೆ ಇಳಿಯಿತು. ಅವರ ಉಂಗುರ ಸ್ಪ್ಯಾನರಿಗೆ ತಾಗಿ ಕಿರಗುಟ್ಟುತ್ತಿತ್ತು. ಮೂಗು ಸೋರಿತು, ಒರೆಸಿಕೊಳ್ಳಲು ಕೈ ಎತ್ತಿ, ವಾಸನೆಗೆ ಮತ್ತೆ ಇಳಿಸಿದರು. ನಾನು ಎರಡೂ ಕೈ ಜೇಬಿನಲ್ಲಿಟ್ಟು ನಿಂತಿದ್ದೆ. ಒಳಗೆ ಮಗು ಅತ್ತಿತು. ಆಗ ಒಮ್ಮೆ ನನ್ನ ಕೈ ಜೇಬಿನಿಂದ ಅರ್ಧ ಹೊರಗೆ ಬಂತು. ಅರ್ಧ ಮಾತ್ರ. ಚಪ್ಪಲಿ ಸ್ಟ್ಯಾಂಡು ನೆನಪಿಗೆ ಬಂದು ಮತ್ತೆ ಒಳಗೆ ಹೋಯಿತು. ಬರೆಯುವಾಗ ಬಚ್ಚಿಟ್ಟರೆ ಏನು ಪ್ರಯೋಜನ. ಆ ಅಳು ಕೇಳಿಸಿಕೊಂಡೂ ನಾನು ನಿಂತೇ ಇದ್ದೆ.

ಆರನೆಯ ಸಲಕ್ಕೆ ನೊರೆಯಿಲ್ಲದ ಎಣ್ಣೆ ಬಂತು. ಬಿಗಿ ಮಾಡಿ ಅಂದೆ. ಗುಂಡಿ ಒತ್ತಿದರು. ಒಳಗೆ ಧಗ್ ಅಂತ ಹತ್ತಿಕೊಂಡಿತು. ಕನ್ಸಲ್ಟೆಂಟಮ್ಮನ ಬಾಯಿಂದ ತಾನಾಗಿ "ಅಮ್ಮಾ ತಾಯಿ" ಅನ್ನುವ ಮಾತು ಬಂತು. ಅದೇ ಹೊತ್ತಿಗೆ ಮುಂದಿನ ಬಾಗಿಲಲ್ಲಿ ಕಾರುಗಳು ನಿಂತವು. ನನ್ನ ಗಡಿಯಾರ ಕೈಕೊಟ್ಟಿರಲಿಲ್ಲ.

ಅವರು ಕೈ ತೊಳೆದದ್ದು ಎಷ್ಟು ಸಲ ಅಂತ ನಾನು ಅಡುಗೆಮನೆಯಲ್ಲಿ ನಿಂತು ನೋಡಿದೆ. ಪಾತ್ರೆಯ ಸೋಪು, ನಿಂಬೆ, ಹುಣಸೆಹಣ್ಣು. ನನಗೆ ಗೊತ್ತಿದ್ದ ದಾರಿಯೇ. ಹಾಲಿಗೆ ಬಂದಾಗ ಹೆಂಗಸರಲ್ಲಿ ಒಬ್ಬರು ಮೂಗು ಎತ್ತಿ, ಏನೋ ಸೀಮೆಎಣ್ಣೆ ವಾಸನೆ, ಅಂತ ನನ್ನ ಕಡೆ ತಿರುಗಿ ನಕ್ಕರು. ನಾನು ಎರಡೂ ಅಂಗೈಯನ್ನು ಅವರ ಮೂಗಿನ ಹತ್ತಿರ ಹಿಡಿದೆ. ಗಂಧದ ಕೈ. ಅವರ ನಗು ಎಲ್ಲಿ ಹೋಗಬೇಕೋ ತಿಳಿಯದೆ ನಿಂತಿತು.

"ನಂದೇ" ಅಂದರು ಕನ್ಸಲ್ಟೆಂಟಮ್ಮ.

ಇಷ್ಟಕ್ಕೆ ನನ್ನ ಬೇಡಿಕೆ ಮುಗಿದಿತ್ತು. ಆದರೆ ಮಗುವಿಗೆ ಅದು ಮೊದಲ ಸಂಕ್ರಾಂತಿ. ಮಣೆಯ ಮೇಲೆ ಮಗಳನ್ನು ಕೂರಿಸಿ, ಮಡಿಲಲ್ಲಿ ಮಗುವನ್ನಿಟ್ಟು, ಅಜ್ಜಿ ಅದರ ತಲೆಯ ಮೇಲಿಂದ ಎಳ್ಳು, ಕಬ್ಬಿನ ಚೂರು, ಎಲಚಿಹಣ್ಣು ಎರೆಯಬೇಕು. ಎಲಚಿಹಣ್ಣು ಇಲ್ಲಿ ಸಿಗದೆ ದ್ರಾಕ್ಷಿ ಇಟ್ಟಿದ್ದರು. ಕನ್ಸಲ್ಟೆಂಟಮ್ಮ ಬೊಗಸೆ ತುಂಬಿಕೊಂಡು ಬಗ್ಗಿದರು. ಮಗು ಮುಖ ಕಿವುಚಿ, ಎರಡು ಸಲ ಸೀನಿ, ಚಿಟ್ಟನೆ ಚೀರಿತು. "ಮಮ್, ಯುವರ್ ಹ್ಯಾಂಡ್ಸ್" ಅಂದಳು ಮಗಳು, ಮೆಲ್ಲಗೆ. ಅವರು ಬೊಗಸೆಯನ್ನು ತಟ್ಟೆಗೆ ವಾಪಸ್ ಸುರಿದರು. ಸುತ್ತ ನೋಡಿದರು. ಎಲ್ಲರನ್ನೂ ದಾಟಿ ನನ್ನಲ್ಲಿಗೆ ಬಂದು ನಿಂತಿತು ಆ ನೋಟ.

"ನೀನೇ ಎರೆಯಮ್ಮ. ನಿನ್ನ ಕೈ ಚೆನ್ನಾಗೈತೆ."

ಎರೆದೆ. ಮಗುವಿನ ನೆತ್ತಿ ಬೆಚ್ಚಗಿತ್ತು, ಇನ್ನೂ ಮಿಡಿಯುತ್ತಿತ್ತು. ಇಲ್ಲಿಗೆ ನಿಲ್ಲಿಸು ಅಂತ ದೇವರು ಹೇಳಿದ್ದು ಇದಕ್ಕಿಂತ ಸ್ಪಷ್ಟವಾಗಿ ನನಗೆ ಯಾವತ್ತೂ ಕೇಳಿಸಿಲ್ಲ. ಆಮೇಲೆ ಎಳ್ಳು ಬೀರುವ ಹೊತ್ತು. ಚೀಲಕ್ಕೆ ಕೈ ಹಾಕಿದೆ. ಹೊಸ ಪೊಟ್ಟಣಗಳಿಗೆ ಹಳದಿ ದಾರ, ಹಳೆಯದಕ್ಕೆ ಕೆಂಪು. ಮಗಳಿಗೆ ಹೊಸದು ಕೊಟ್ಟೆ, ಉಳಿದವರಿಗೆಲ್ಲ ಹೊಸದು ಕೊಟ್ಟೆ. ಕನ್ಸಲ್ಟೆಂಟಮ್ಮನ ಕೈಗೆ ಕೆಂಪು ದಾರದ್ದು ಇಟ್ಟೆ.

"ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅಕ್ಕ."

ಅವರು ದಾರವನ್ನು ನೋಡಿದರು, ಪೊಟ್ಟಣದ ಮೂಲೆಗೆ ಅಂಟಿದ್ದ ಒಣ ಮಣ್ಣನ್ನು ನೋಡಿದರು. ಬಿಚ್ಚಿ, ಸೀಮೆಎಣ್ಣೆಯ ಬೆರಳಿಂದ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು. ವರ್ಷದ ಎಳ್ಳು, ಬಿಸಿಯಲ್ಲಿ ಕೂತ ಕೊಬ್ಬರಿ. ಅದರ ರುಚಿ ಏನಿದ್ದೀತು ಅಂತ ಅಡುಗೆ ಮಾಡುವವರಿಗೆ ಹೇಳಬೇಕಿಲ್ಲ. ಅಗಿದರು. ನುಂಗಿದರು. ಎಳ್ಳು ತಿಂದವರು ಕೆಟ್ಟ ಮಾತಾಡುವ ಹಾಗಿಲ್ಲ.

"ಚೆನ್ನಾಗೈತೆ" ಅಂದರು.

ಅವತ್ತು ದೀಪದ ಮುಂದೆ ಕೂತು ಕೃಪೆಗಳನ್ನು ಎಣಿಸಿದೆ. ಮಗುವಿಗೆ ನೆಗಡಿ ಆಗಲಿಲ್ಲ. ಬಾಯ್ಲರ್ ಹತ್ತಿತು. ನಾನು ಬೇಡಿದ್ದನ್ನು ಪೂರ್ತಿಯಾಗಿ, ಬೇಡಿದ್ದಕ್ಕಿಂತ ಹೆಚ್ಚಾಗಿ ಕೊಟ್ಟ. ಕ್ಷಮಿಸು ಅಂತ ಕೇಳಲು ಬಾಯಿ ತೆರೆದೆ, ಬರಲಿಲ್ಲ. ಸುಳ್ಳು ಕ್ಷಮೆ ಕೇಳುವುದಕ್ಕಿಂತ ಸುಮ್ಮನಿರುವುದು ವಾಸಿ ಅಂತ ಎದ್ದೆ.

ಬಾಯ್ಲರ್ ಡಾಕ್ಟ್ರು ಅನ್ನುವ ಮಾತು ಆಮೇಲೆ ಯಾರ ಬಾಯಲ್ಲೂ ಕೇಳಲಿಲ್ಲ. ಯುಗಾದಿಗೆ ಆರತಿಗೆ ಮೊದಲು ಕರೆದದ್ದು ನನ್ನನ್ನೇ. ನಾನು ಎತ್ತಿದೆ. ಕನ್ಸಲ್ಟೆಂಟಮ್ಮ ಮತ್ತು ನಾನು ಚೆನ್ನಾಗಿದೀರಾ, ಚೆನ್ನಾಗಿದೀನಿ ಅನ್ನುವಷ್ಟು ಮಾತಾಡುತ್ತೇವೆ.

ಈ ಚಳಿಗಾಲ ಸರ್ವಿಸಿಗೆ ಬಂದ ಮುದುಕ ಟೀ ಕುಡಿಯುತ್ತಾ ಅವರ ಸುದ್ದಿ ತೆಗೆದ. ದೊಡ್ಡ ಮನೆಯ ಆ ಮಿಸೆಸ್ ಈಗ ತಾನೇ ಕೋಲು ಇಳಿಸಿ ಟ್ಯಾಂಕು ನೋಡುತ್ತಾಳೆ, ಫಿಲ್ಟರು ತಾನೇ ಬಿಚ್ಚುತ್ತಾಳೆ, ಗ್ರ್ಯಾಂಡ್ ಕೆಲಸ ಮಾಡುತ್ತಾಳೆ ಅಂದ. ಒಂದು ಮಾತ್ರ ತನಗೆ ಅರ್ಥವಾಗುತ್ತಿಲ್ಲವಂತೆ: ಅಷ್ಟು ಚಳಿಯಲ್ಲೂ ಬರಿಗೈಯಲ್ಲೇ ಮಾಡುತ್ತಾಳೆ. ಗ್ಲೌಸು ಹಾಕಿದರೆ ಸ್ಕ್ರೂ ಹಿಡಿತಕ್ಕೆ ಸಿಗುವುದಿಲ್ಲ ಅಂತ ಗೊತ್ತಿದ್ದವರು ಯಾರೋ ಹೇಳಿಕೊಟ್ಟಿದ್ದಾರೆ ಅನ್ನುತ್ತಾಳಂತೆ. ಅದು ಹಾಗಲ್ಲ ಅಂತ ತಾನು ಹೇಳಿದರೆ ನಂಬುವುದಿಲ್ಲವಂತೆ. ನೀನಾದರೂ ಹೇಳು ಮಿಸೆಸ್, ನಿನ್ನ ಮಾತು ಕೇಳಿಯಾಳು, ಅಂದ.

ಹೇಳ್ತೀನಿ ಅಂದೆ. ಇನ್ನೂ ಹೇಳಿಲ್ಲ.